ಮಧ್ಯಯುಗದ ಮನೆಗೆ ಛಾವಣಿ ಲೆಕ್ಕ

ಪ್ರಶ್ನೆ: ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಯುರೋಪಿನ ಮಧ್ಯಯುಗದ ಮನೆ ಕಟ್ಟಿದರೆ ಬರೀ ಪೆಟ್ಟಿಗೆಯಂತೆ ಕಾಣುತ್ತದೆ. ಛಾವಣಿಯ ನೆತ್ತಿಯೂ ಸರಿಯಾಗಿ ಕೂಡುವುದಿಲ್ಲ. ಏನು ಮಾಡಲಿ?

ಉತ್ತರ: ಗೋಡೆ ಒಂದೇ ಸಮತಲದಲ್ಲಿರುವುದೇ ಪೆಟ್ಟಿಗೆಯಾಗಲು ಕಾರಣ. ಕೆಳಮನೆಯನ್ನು 7×9 ಅಳತೆಯಲ್ಲಿ ಕಲ್ಲಿನಿಂದ ಕಟ್ಟಿ, ಮೇಲ್ಮಹಡಿಯನ್ನು ಸುತ್ತಲೂ ಒಂದೊಂದು ಬ್ಲಾಕ್ ಹೊರಚಾಚಿ 9×11 ಮಾಡಿ. ಇಂಗ್ಲೆಂಡ್, ಜರ್ಮನಿಯ ಹಳೆಯ ಪೇಟೆಮನೆಗಳ ಮಹಡಿ ಬೀದಿಯ ಮೇಲೆ ಹೀಗೆಯೇ ಚಾಚಿಕೊಂಡಿರುತ್ತದೆ. ಮಹಡಿಯ ನಾಲ್ಕು ಮೂಲೆಗೂ ಪ್ರತಿ ಗೋಡೆಯ ನಡುವಿಗೂ ಡಾರ್ಕ್ ಓಕ್ ದಿಮ್ಮಿಯ ಕಂಬ ನಿಲ್ಲಿಸಿ, ನಡುವಿನ ಜಾಗಕ್ಕೆ ಕ್ಯಾಲ್ಸೈಟ್ ಎಂಬ ಬಿಳಿ ಕಲ್ಲು ತುಂಬಿ. ಬಿಳಿ ಕಾಂಕ್ರೀಟ್ ಬೇಡ, ತೀರಾ ಹೊಳೆಯುತ್ತದೆ. ಬಿಳಿ ಉಣ್ಣೆಗೆ ಬೆಂಕಿ ತಗಲುತ್ತದೆ.

ಛಾವಣಿಯ ಎರಡೂ ಇಳಿಜಾರನ್ನು ಮೆಟ್ಟಿಲು ಆಕಾರದ ಬ್ಲಾಕ್‌ಗಳಿಂದ ಕಟ್ಟಿ. ನೆತ್ತಿ ಚೂಪಾಗಿ ಕೂಡಲು ಅಗಲ ಬೆಸಸಂಖ್ಯೆಯಲ್ಲಿರಲಿ. ಸಮಸಂಖ್ಯೆಯಾದರೆ ಎರಡು ಮೆಟ್ಟಿಲು ಬೆನ್ನಿಗೆ ಬೆನ್ನು ತಾಗಿ ನೆತ್ತಿ ಚಪ್ಪಟೆಯಾಗುತ್ತದೆ. ಸೂರು ಒಂದೊಂದು ಬ್ಲಾಕ್ ಹೊರಬಂದರೆ ಛಾವಣಿ 11×13. ಬದಿಗೆ 5 ಸಾಲಿನಂತೆ 130 ಮೆಟ್ಟಿಲು, ನೆತ್ತಿಗೆ 13 ಸ್ಲ್ಯಾಬ್ (ಅರ್ಧ ಎತ್ತರದ ಬ್ಲಾಕ್). 6 ಹಲಗೆಗೆ 4 ಮೆಟ್ಟಿಲು, 3 ಹಲಗೆಗೆ 6 ಸ್ಲ್ಯಾಬ್ ಸಿಗುವುದರಿಂದ 207 ಹಲಗೆ, ಅಂದರೆ ದಿಮ್ಮಿಗೆ 4 ಹಲಗೆಯಂತೆ 52 ದಿಮ್ಮಿ ಬೇಕು. ಮರ ಕಡಿಮೆಯಿದ್ದರೆ ಡೀಪ್‌ಸ್ಲೇಟ್ ಟೈಲ್ ಎಂಬ ಕಪ್ಪು ಕಲ್ಲಿನ ಬ್ಲಾಕ್ ಬಳಸಿ. ಕಲ್ಲು ಕತ್ತರಿಸುವ ಯಂತ್ರವಾದ ಸ್ಟೋನ್‌ಕಟರ್‌ನಲ್ಲಿ ಒಂದು ಬ್ಲಾಕಿಗೆ ಒಂದು ಮೆಟ್ಟಿಲು ಬರುತ್ತದೆ. ಮರವನ್ನು ಮಾತ್ರ ಅದು ಕತ್ತರಿಸುವುದಿಲ್ಲ.

ಒಲೆಗೆ ಲಾವಾ ಇಡಬೇಡಿ, ಹತ್ತಿರದ ಹಲಗೆಗೆ ಬೆಂಕಿ ಹತ್ತುತ್ತದೆ. ಚಿಮಣಿಯೊಳಗೆ ಹುಲ್ಲಿನ ಕಂತೆಯ ಮೇಲೆ ಕ್ಯಾಂಪ್‌ಫೈರ್ (ಸೌದೆ ಬೆಂಕಿಯ ಬ್ಲಾಕ್) ಇಡಿ: ಹೊಗೆ 10ರ ಬದಲು 24 ಬ್ಲಾಕ್ ಎತ್ತರ ಏರುತ್ತದೆ, ಬೆಂಕಿ ಹರಡುವುದಿಲ್ಲ.