ಮನೆಯೇ ಶಾಲೆಯಾದರೆ ಒಲೆ ಮುಂದೆ ಯಾರು?

ಪ್ರಶ್ನೆ: ಅಕ್ಕ, ಜೂನ್‌ನಿಂದ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಮಗನಿಗೆ ಎಂಟು, ಮಗಳಿಗೆ ನಾಲ್ಕು. ಒಂಬತ್ತರಿಂದ ಹನ್ನೆರಡೂವರೆವರೆಗೆ ಪಾಠ ಅಂತ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಒಂದು ದಿನವೂ ಅದರಂತೆ ನಡೆದಿಲ್ಲ. ಕುಕ್ಕರ್ ಕೂಗುತ್ತೆ, ಸಣ್ಣವಳು ಅಳುತ್ತಾಳೆ, ಅತ್ತೆಯವರನ್ನು ಮಾತಾಡಿಸೋಕೆ ಯಾರಾದರೂ ಬರುತ್ತಾರೆ. ಸಿಟ್ಟೆಲ್ಲ ಮಗನ ಮೇಲೆ ತೀರಿಸ್ತೀನಿ. ರಾತ್ರಿ ಪಾತ್ರೆ ತೊಳೆಯುವಾಗ ಅಳು ಬರುತ್ತೆ. ನನ್ನ ಕೈಲಿ ಆಗಲ್ಲ ಅನ್ನಿಸಿಬಿಟ್ಟಿದೆ.
— ಹದಡಿ ರಸ್ತೆ, ದಾವಣಗೆರೆ

ಉತ್ತರ: ತಂಗಿ, ಮೊದಲು ಆ ಟೈಂಟೇಬಲ್ ಕಿತ್ತು ಹಾಕು. ನಾನೂ ಅದೇ ತಪ್ಪು ಮಾಡಿದವಳು. ನಿಟುವಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಕರಿಹಲಗೆ ಹೊಡೆಸಿ, ಪಾತ್ರೆ ಅಂಗಡಿಯಿಂದ ಹಿತ್ತಾಳೆಯದೊಂದು ಕೈಗಂಟೆ ತಂದು, ಪೀರಿಯಡ್ಡಿಗೊಂದು ಸಲ ಬಾರಿಸುತ್ತಿದ್ದೆ. ಹತ್ತು ದಿನ ಬಾರಿಸಿದೆ. ಹನ್ನೊಂದನೇ ದಿನ ಗಂಟೆಯೇ ಇಲ್ಲ. ಸಂಜೆ ರೊಟ್ಟಿ ತಟ್ಟೋಣ ಅಂತ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಒಳಗೆ ಠಣ್ ಅಂತು. ಮಗರಾಯ ಹಿಟ್ಟಿನಲ್ಲಿ ಹೂತಿಟ್ಟಿದ್ದ. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಅವತ್ತಿಂದ ಆ ಗಂಟೆ ದೇವರ ಮನೆ ಸೇರಿತು.

ಸುಮ್ಮನೆ ಲೆಕ್ಕ ಹಾಕು. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ನಲವತ್ತೈದು ನಿಮಿಷದ ಒಂದು ಪೀರಿಯಡ್. ಒಂದೊಂದು ಮಗುವಿನ ಪಾಲಿಗೆ ಮೇಷ್ಟ್ರು ಸಿಗೋದು ಒಂದು ನಿಮಿಷ ಚಿಲ್ಲರೆ. ನಿನ್ನ ಮಗನಿಗೆ ನೀನು ಇಡಿಯಾಗಿ ಸಿಗುತ್ತೀಯ. ಎಂಟು ವರ್ಷದವನಿಗೆ ಪುಸ್ತಕ ಹಿಡಿದು ಕೂರಲು ದಿನಕ್ಕೆ ಒಂದೂವರೆ ಗಂಟೆ ಧಾರಾಳವಾಯಿತು, ಅದೂ ಎರಡು ಕಂತಿನಲ್ಲಿ. ಮೂರೂವರೆ ಗಂಟೆ ಕೂರಿಸುತ್ತೀನಿ ಅಂತ ಹೊರಟರೆ ಅವನೂ ಕೂರಲ್ಲ, ನಿನ್ನ ಸಾರೂ ಸೀದುಹೋಗುತ್ತೆ.

ಗಡಿಯಾರದ ಬದಲು ಮನೆಯ ಕೆಲಸಕ್ಕೆ ಪಾಠವನ್ನು ಕಟ್ಟು. ನಮ್ಮಲ್ಲಿ ನಲ್ಲಿ ನೀರು ದಿನಾ ಬರಲ್ಲ, ಗೊತ್ತಲ್ಲ. ನೀರು ಬಿಟ್ಟ ದಿನ ಪುಸ್ತಕ ಮುಟ್ಟುತ್ತಿರಲಿಲ್ಲ ನಾವು. ಅವತ್ತು ಸಂಪಿನದೇ ಪಾಠ. ಆರಡಿ ಉದ್ದ, ಐದಡಿ ಅಗಲ, ಐದಡಿ ಆಳ: 150 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗೆ ಚೂರು ಹೆಚ್ಚು, ಒಟ್ಟು 4,200 ಲೀಟರ್ ಚಿಲ್ಲರೆ. ಒಂದು ಕೊಡ ತುಂಬಲು ಎಷ್ಟು ಹೊತ್ತು ಅಂತ ಮಗಳು ನೋಡೋಳು, ಸಂಪು ತುಂಬೋದು ಯಾವಾಗ ಅಂತ ಮಗ ಹೇಳೋನು. ಮೂರನೇ ಸಲಕ್ಕೆ ಲೆಕ್ಕ ಸರಿಹೋಯ್ತು. ಮೊದಲೆರಡು ಸಲ ನೀರು ಅಂಗಳಕ್ಕೆ ಉಕ್ಕಿ ಪಕ್ಕದ ಮನೆಯವರ ಕೈಲಿ ಬೈಸಿಕೊಂಡೆವು.

ಇನ್ನೊಂದು ಹೇಳ್ತೀನಿ, ಇದು ನಿನಗೆ ಈ ವಾರವೇ ಆಗುತ್ತೆ. ನಿಮ್ಮ ಅತ್ತೆ ಹತ್ತಿರ ಹಳೇ ಸೇರು, ಪಾವು, ಚಟಾಕು ಇದ್ದೇ ಇರುತ್ತವೆ, ಅಟ್ಟದಿಂದ ಇಳಿಸು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಕಾಲು, ಅರ್ಧ, ಮುಕ್ಕಾಲು ಎಲ್ಲ ಅದರಲ್ಲೇ ಇದೆ. ಒಂದು ಸೇರು ಅಕ್ಕಿ, ಒಂದು ಸೇರು ಮಂಡಕ್ಕಿ ಅಳೆದು, ‘ಯಾವುದು ಜಾಸ್ತಿ?’ ಅಂತ ಕೇಳು. ‘ಎರಡೂ ಒಂದೇ’ ಅಂತಾನೆ. ಆಮೇಲೆ ತಕ್ಕಡಿಗೆ ಹಾಕಿಸು. ನಮ್ಮ ಮನೆಯಲ್ಲಿ ಅಕ್ಕಿ ಕಿಲೋ ಹತ್ತಿರ ತೂಗಿತು, ಮಂಡಕ್ಕಿ ನೂರು ಗ್ರಾಂ ದಾಟಲು ಒದ್ದಾಡಿತು. ಮಗ ತಕ್ಕಡಿ ಕೆಟ್ಟಿದೆ ಅಂದ. ತಿರುಗಾ ತೂಗಿದ. ಆಮೇಲೆ ಒಂದು ಮಂಡಕ್ಕಿ ಕಾಳನ್ನು ಮುರಿದು ಒಳಗೆ ನೋಡಿ, ‘ಅಮ್ಮ, ಇದರ ತುಂಬಾ ಬರೀ ಗಾಳಿ’ ಅಂದ. ಭಟ್ಟಿಯವರು ಉಪ್ಪು ನೀರು ಹಾಕಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಕಾಳಿನೊಳಗಿನ ತೇವ ಆವಿಯಾಗಿ ಉಬ್ಬಿಸುತ್ತೆ ಅಂತ ಹೇಳಿಕೊಡಲು ಅದಕ್ಕಿಂತ ಒಳ್ಳೆ ಗಳಿಗೆ ಇರಲಿಲ್ಲ. ಮಾರನೇ ದಿನ ಭಟ್ಟಿಗೇ ಕರಕೊಂಡು ಹೋದೆ. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಭಟ್ಟಿ ನೋಡದೆ ವಿಜ್ಞಾನ ಕಲಿಯೋದೇನು! ತೂಕ ಮುಗಿದ ಮೇಲೆ ಅದೇ ಮಂಡಕ್ಕಿಗೆ ಈರುಳ್ಳಿ, ಹುರಿಗಡಲೆ ಪುಡಿ ಹಾಕಿ ಕಲಸು, ಜೊತೆಗೆ ಮಿರ್ಚಿ ಕರಿ. ಸಂಜೆ ತಿಂಡಿಯೂ ಆಯಿತು.

ಇದರಲ್ಲಿ ಅತ್ತೆಯವರಿಗೂ ಒಂದು ಕೆಲಸ ಸಿಕ್ಕಿತು, ಗಮನಿಸು. ‘ನಾನು ಪಾಠ ಮಾಡ್ತಿದ್ದೀನಿ, ಅಡ್ಡ ಬರಬೇಡಿ’ ಅಂದರೆ ಯಾವ ಅತ್ತೆಗೂ ಸಿಟ್ಟು ಬರುತ್ತೆ. ‘ಪಾವು-ಚಟಾಕಿನ ಲೆಕ್ಕ ನನಗೇ ಸರಿಯಾಗಿ ಬರಲ್ಲ, ಇವನಿಗೆ ನೀವೇ ಹೇಳಿಕೊಡಿ’ ಅನ್ನು. ಮಾತಾಡಿಸಲು ಬಂದವರೂ ಅಲ್ಲೇ ಕೂತು ತಮ್ಮ ಕಾಲದ ಲೆಕ್ಕ ತೆಗೀತಾರೆ. ಸಣ್ಣವಳ ಮುಂದೆ ಒಂದು ಮೊರ ಶೇಂಗಾ ಸುರಿ, ಸುಲಿಯಲಿ. ಅರ್ಧ ಬಾಯಿಗೆ ಹೋಗುತ್ತೆ, ಹೋಗಲಿ.

ನಿನ್ನ ಪತ್ರದಲ್ಲಿ ಗಂಡನ ಸುದ್ದಿಯೇ ಇಲ್ಲವಲ್ಲ ತಂಗಿ? ಕುಕ್ಕರ್, ಮಗಳು, ಅತ್ತೆ, ಪಾತ್ರೆ ಎಲ್ಲ ಇದೆ, ಅವರೊಬ್ಬರೇ ಕಾಣಲಿಲ್ಲ. ಮಕ್ಕಳನ್ನು ಶಾಲೆ ಬಿಡಿಸೋದು ಇಬ್ಬರ ತೀರ್ಮಾನ, ಕಲಿಸೋದು ಮಾತ್ರ ಹೆಂಡತಿ ಪಾಲಿಗೆ ಅನ್ನೋದನ್ನು ನಾನು ಒಪ್ಪಲ್ಲ. ನಮ್ಮ ಮನೆಯವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಮೊದಲು ಅವರೂ ‘ನಂಗೆಲ್ಲಿ ಟೈಮೈತೆ ಮಾರಾಯ್ತಿ’ ಅಂದವರೇ. ಸಂಜೆ ಒಂದು ಗಂಟೆ ಮಕ್ಕಳನ್ನು ಅಂಗಡಿಗೇ ಕಳಿಸತೊಡಗಿದೆ. ತಂತಿಯ ಗೇಜು ನಂಬರ್ ಹೆಚ್ಚಿದಷ್ಟೂ ತಂತಿ ಸಣ್ಣ ಯಾಕೆ, ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಬೋರಿನ ಮೋಟಾರ್ ಹೆಚ್ಚು ಕರೆಂಟ್ ಎಳೆದು ಸುಟ್ಟುಕೊಳ್ಳೋದು ಯಾಕೆ, ಇದೆಲ್ಲ ಕಲಿಸಿದ್ದು ಅವರೇ. ಆ ಒಂದು ಗಂಟೆ ನಾನು ಏನು ಮಾಡ್ತಿದ್ದೆ ಅಂತೀಯಾ? ಟೀ ಮಾಡಿಕೊಂಡು ಬಾಗಿಲು ಹಾಕಿಕೊಂಡು ಸುಮ್ಮನೆ ಕೂರ್ತಿದ್ದೆ. ರಾತ್ರಿ ಪಾತ್ರೆ ಮಗನ ಪಾಳಿ. ನಿನ್ನ ಮಗನಿಗೂ ಎಂಟಾಗಿದೆ, ಲೋಟ-ತಟ್ಟೆ ತೊಳೆಯಲು ಸಾಕು.

ಪ್ರಶ್ನೆ: ಮೇಡಂ, ಮಗಳಿಗೆ 13 ತುಂಬಿದೆ. ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬೇಕೆಂದಿದ್ದೇವೆ. ಕಾನೂನಿನ ತೊಂದರೆ ಇದೆಯೇ? ಹತ್ತನೇ ತರಗತಿ ಪರೀಕ್ಷೆ ಹೇಗೆ?
— ಚಿತ್ರದುರ್ಗ

ಉತ್ತರ: ಸರ್, 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸೋದು ತಂದೆ-ತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ. ಸೇರಿಸದ ಪೋಷಕರಿಗೆ ದಂಡವನ್ನೇನೂ ಆ ಕಾಯ್ದೆಯಲ್ಲಿ ಬರೆದಿಲ್ಲ. ತೀವ್ರ ಅಂಗವೈಕಲ್ಯವಿರುವ ಮಕ್ಕಳ ವಿಷಯ ಬಿಟ್ಟರೆ, ಶಾಲೆಯ ಬದಲು ಮನೆಯಲ್ಲೇ ಕಲಿಸುವ ಮಾತನ್ನೂ ಅದು ಎತ್ತುವುದಿಲ್ಲ. ಆದ್ದರಿಂದ ‘ಪೂರ್ತಿ ಕಾನೂನುಬದ್ಧ’ ಅಂತ ಎದೆ ತಟ್ಟಿ ಹೇಳುವವರನ್ನೂ ನಂಬಬೇಡಿ, ‘ಜೈಲಿಗೆ ಹಾಕ್ತಾರೆ’ ಅಂತ ಹೆದರಿಸುವವರನ್ನೂ ನಂಬಬೇಡಿ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುವವರು ಬಾಗಿಲಿಗೆ ಬರಬಹುದು. ನಮ್ಮ ಮನೆಗೂ ಬಂದಿದ್ದರು. ಜಗಳಕ್ಕೆ ನಿಲ್ಲದೆ ಕೂರಿಸಿ ನೀರು ಕೊಟ್ಟು ಮಕ್ಕಳ ನೋಟ್‌ಬುಕ್ ತೋರಿಸಿದೆ. ನೋಡಿದರು, ಬರೆದುಕೊಂಡು ಹೋದರು.

ಹತ್ತನೇ ತರಗತಿಗೆ ದಾರಿ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, 1989ರಿಂದ ನಡೆಯುತ್ತಿದೆ. ಸೆಕೆಂಡರಿಗೆ, ಅಂದರೆ ಅದರ ಹತ್ತನೇ ತರಗತಿಗೆ, ಸೇರಲು 14 ತುಂಬಿರಬೇಕು. ಹಾಗಾಗಿ ನಿಮಗಿನ್ನೂ ಒಂದು ವರ್ಷವಿದೆ. ಐದು ವಿಷಯ ಪಾಸಾದರೆ ಸರ್ಟಿಫಿಕೇಟ್, ಪಾಸಿಗೆ ಶೇ. 33. ವರ್ಷಕ್ಕೆರಡು ಸಲ ಪರೀಕ್ಷೆ, ಏಪ್ರಿಲ್-ಮೇ ಹೊತ್ತಿಗೊಮ್ಮೆ, ಅಕ್ಟೋಬರ್-ನವೆಂಬರ್ ಹೊತ್ತಿಗೊಮ್ಮೆ. ಎಲ್ಲ ವಿಷಯ ಒಟ್ಟಿಗೇ ಬರೆಯಬೇಕೆಂದಿಲ್ಲ, ಐದು ವರ್ಷದ ಅವಧಿ ಇರುತ್ತೆ. ನನ್ನ ಮಗಳು ಮೊದಲು ಎರಡು, ಆಮೇಲೆ ಮೂರು ಬರೆದಳು. ಪುಸ್ತಕ, ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಅನ್ನೋದನ್ನು ಮಾತ್ರ ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ. ಕನ್ನಡ ಮಾಧ್ಯಮದ ಮಗುವಾದರೆ ಇದು ಸಣ್ಣ ವಿಷಯವಲ್ಲ.

ಅಸೈನ್‌ಮೆಂಟ್‌ಗಳಿಗೂ ಅಂಕ ಇದೆ, ಕೊನೇ ದಿನದವರೆಗೆ ಕಾಯಬೇಡಿ. ನಾವು ಕಾದಿದ್ದೆವು. ರಾತ್ರಿ ಒಂಬತ್ತಕ್ಕೆ ಸೈಬರ್ ಸೆಂಟರಿನಲ್ಲಿ ನಿದ್ದೆಗಣ್ಣಲ್ಲಿ ಸಮಾಜ ವಿಜ್ಞಾನದ ಹಾಳೆಗಳನ್ನು ಗಣಿತದ ಜಾಗಕ್ಕೆ ಏರಿಸಿ ಬಂದೆ. ಗಣಿತಕ್ಕೆ ಚಿತ್ರದುರ್ಗದ ಪಾಳೇಗಾರರು ಉತ್ತರ ಕೊಟ್ಟಂತಾಯಿತು! ಮಗಳು ಎರಡು ದಿನ ಮಾತು ಬಿಟ್ಟಳು.

ಶಾಲೆ ಬಿಡಿಸುವಾಗ ಟಿಸಿ ತಗೊಳ್ಳಿ. ಒಂದು ರೂಪಾಯಿ ಫೀಸು ಬಾಕಿ ಇಲ್ಲದಿದ್ದರೂ ಅದಕ್ಕಾಗಿ ನನ್ನನ್ನು ಮೂರು ಸಲ ಓಡಾಡಿಸಿದ್ದರು. ಬೇಸರ ಮಾಡಿಕೊಳ್ಳದೆ ಓಡಾಡಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಕನ್ನಡ ಚೆನ್ನಾಗಿ ಓದುತ್ತಾನೆ. ಬರೆಯಲು ಕೂರಿಸಿದರೆ ಒತ್ತಕ್ಷರವೆಲ್ಲ ಮಾಯ. ಏನು ಮಾಡಲಿ?
— ಹೊಳಲ್ಕೆರೆ

ಉತ್ತರ: ಕಾಪಿ ಬರೆಸಬೇಡಿ. ಕಿರಾಣಿ ಚೀಟಿ ಬರೆಸಿ, ಅದನ್ನು ಅವನ ಕೈಲೇ ಅಂಗಡಿಗೆ ಕೊಟ್ಟು ಕಳಿಸಿ. ನನ್ನ ಮಗ ‘ಅಕಿ 2 ಕೆಜಿ, ಸಕರೆ 1 ಕೆಜಿ’ ಅಂತ ಬರೆದುಕೊಂಡು ಹೋಗಿದ್ದ. ಅಂಗಡಿಯವರು ಕನ್ನಡಕ ಏರಿಸಿ, ‘ಸಕರೆ ನಮ್ಮಲ್ಲಿಲ್ಲ ಕಣಪ್ಪ, ಸಕ್ಕರೆ ಇದೆ, ಆಗುತ್ತಾ?’ ಅಂದರಂತೆ. ಮಂಡಕ್ಕಿ, ಬೆಲ್ಲ, ಉಪ್ಪು, ತುಪ್ಪ, ಹುಣಸೆಹಣ್ಣು: ಅಡುಗೆ ಮನೆಯಲ್ಲಿ ಒತ್ತಕ್ಷರಕ್ಕೇನು ಬರಗಾಲ?

ಪ್ರಶ್ನೆ: ಮೊಮ್ಮಗನನ್ನು ಸೊಸೆ ಶಾಲೆಗೆ ಕಳಿಸುವುದಿಲ್ಲ. ಓಣಿಯವರೆಲ್ಲ ‘ಹುಡುಗ ದಡ್ಡನಾ? ಫೀಸು ಕಟ್ಟೋಕೆ ಆಗಲ್ವಾ?’ ಅಂತ ಕೇಳುತ್ತಾರೆ. ತಲೆ ಎತ್ತಿ ಓಡಾಡದಂತಾಗಿದೆ.
— ಹರಿಹರ

ಉತ್ತರ: ಅಮ್ಮ, ನಿಮ್ಮ ಸಂಕಟ ಸುಳ್ಳಲ್ಲ. ನನ್ನ ಅತ್ತೆಯೂ ಒಂದು ವರ್ಷ ಮದುವೆ ಮನೆಗಳಿಗೆ ಹೋಗೋದನ್ನೇ ಬಿಟ್ಟಿದ್ದರು. ಓಣಿಯವರಿಗೆ ಉತ್ತರ ಹುಡುಕೋದು ಬಿಟ್ಟು ಒಂದು ಬೆಳಗ್ಗೆ ಮೊಮ್ಮಗನ ಕೈ ಹಿಡಿದು ಹರಿಹರೇಶ್ವರನ ಗುಡಿಗೆ ಹೋಗಿ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ಯಾಕೆ ಅಂತ ಅವನನ್ನೇ ಕೇಳಿ, ಏನು ಹೇಳ್ತಾನೋ ಕೇಳಿಸಿಕೊಳ್ಳಿ. ಹುಡುಗ ದಡ್ಡನೋ ಅಲ್ಲವೋ ನಿಮಗೇ ತಿಳಿಯುತ್ತೆ. ಏನೂ ಕಲಿಯುತ್ತಿಲ್ಲ ಅನ್ನಿಸಿದರೆ ಸೊಸೆಯನ್ನು ಮನೆಯೊಳಗೆ ಕೂರಿಸಿಕೊಂಡು ಕೇಳಿ. ಕೇಳುವ ಹಕ್ಕು ನಿಮಗಿದೆ, ಓಣಿಗಿಲ್ಲ.

ಪ್ರಶ್ನೆ: ಆಂಟಿ, ನನಗೆ 12 ವರ್ಷ. ಮೂರು ವರ್ಷದಿಂದ ಅಮ್ಮ ಮನೆಯಲ್ಲೇ ಪಾಠ ಮಾಡುತ್ತಾರೆ. ಅಮ್ಮ ಚೆನ್ನಾಗಿ ಕಲಿಸುತ್ತಾರೆ. ಆದರೆ ನನಗೆ ಶಾಲೆಗೆ ಹೋಗಬೇಕು ಅನ್ನಿಸುತ್ತಿದೆ. ಹೇಳಿದರೆ ಅಮ್ಮನಿಗೆ ಬೇಜಾರಾಗುತ್ತದೆ. ಈ ಪತ್ರ ಬರೆದದ್ದು ಅವರಿಗೆ ಗೊತ್ತಿಲ್ಲ.
— ಊರು ಬೇಡ

ಉತ್ತರ: ಪುಟ್ಟಿ, ನನ್ನ ಮಗ ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ, ‘ಅಮ್ಮ, ಖೋಖೋ ಆಡೋಕೆ ಒಂದು ಕಡೆಗೇ ಒಂಬತ್ತು ಜನ ಬೇಕು. ನಮ್ಮ ಮನೇಲಿ ಅಜ್ಜಿ ಸೇರಿದ್ರೂ ಐದೇ ಜನ’ ಅಂದ. ನನಗೆ ಬೇಜಾರಾಯಿತು, ಸುಳ್ಳು ಹೇಳಲ್ಲ. ನಾನೇನು ಕಮ್ಮಿ ಮಾಡಿದೆ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಅವನನ್ನೇ ಕರಕೊಂಡು ಶಾಲೆ ವಿಚಾರಿಸಲು ಹೊರಟೆ. ಮಗಳು ಬರಲ್ಲ ಅಂದಳು, ಅವಳು ಹತ್ತನೇ ತರಗತಿಯನ್ನೂ ಮನೆಯಿಂದಲೇ ಮುಗಿಸಿದಳು. ಇಬ್ಬರೂ ನನ್ನ ಮಕ್ಕಳೇ.

ಅಮ್ಮ ಒಲೆ ಮುಂದೆ ಇರುವಾಗ ಹೇಳಬೇಡ. ಸಂಜೆ ಬಟ್ಟೆ ಮಡಚುವಾಗ ಪಕ್ಕದಲ್ಲಿ ಕೂತು ನೀನೂ ನಾಲ್ಕು ಮಡಚು, ಆಗ ಹೇಳು. ಮನೆಯಲ್ಲಿ ಏನು ಬೇಸರ ಅನ್ನೋದಕ್ಕಿಂತ ಶಾಲೆಯಲ್ಲಿ ನಿನಗೆ ಏನು ಬೇಕು ಅನ್ನೋದನ್ನು ಹೇಳು: ಗೆಳತಿಯರಾ, ಆಟವಾ, ಬೇರೆ ಟೀಚರಾ? ಸೇರೋಕೆ ಕಷ್ಟವಿಲ್ಲ. ನಿನ್ನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತೆ. ಟಿಸಿ ತಡವಾಯಿತು ಅಂತ ಬಾಗಿಲು ಹಾಕುವಂತಿಲ್ಲ. ಇದನ್ನು ಅಪ್ಪಾಜಿಗೆ ತೋರಿಸು, ಓಡಾಟ ಅವರು ಮಾಡಲಿ.

ಬೈದರೆ ಆಂಟಿ ಹೇಳಿಕೊಟ್ಟರು ಅಂತ ನನ್ನ ಮೇಲೆ ಹಾಕು. ಇನ್ನೊಂದು, ನಿನ್ನ ಪತ್ರವನ್ನು ಎರಡು ಸಲ ಓದಿದೆ, ಒಂದೇ ಒಂದು ಒತ್ತಕ್ಷರವೂ ತಪ್ಪಿಲ್ಲ. ಅದನ್ನೂ ಅಮ್ಮನಿಗೆ ಹೇಳು.