ಓಟಿಯಲ್ಲಿ ಕಂಡಿದ್ದು ಬರೀ ಬೆನ್ನು

2020ರಲ್ಲಿ ಕೋವಿಡ್ ಬಂದು ವೈದ್ಯಕೀಯ ಸಮ್ಮೇಳನಗಳೆಲ್ಲ ಆನ್‌ಲೈನ್ ಆದ ಮೇಲೆ ತೆರೆಯ ಮೇಲೆ ಆಪರೇಷನ್ ನೋಡಿ ಸರ್ಜರಿಗೆ ಮನಸೋತು, ಓಟಿಗೆ (ಆಪರೇಷನ್ ಥಿಯೇಟರ್) ಕಾಲಿಟ್ಟೊಡನೆ ಬೇಡವೆನ್ನುವ ವಿದ್ಯಾರ್ಥಿಗಳು ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಎಂಬಿಬಿಎಸ್ ಮೂರನೇ ವರ್ಷದವಳು. ಮನೆಯಲ್ಲಿ ಡಾಕ್ಟರು ಯಾರೂ ಇಲ್ಲ. ಹಾಸ್ಟೆಲ್ ಕೋಣೆಯಲ್ಲೇ ಕೂತು ಹನ್ನೊಂದು ಸರ್ಜರಿ ಸಮ್ಮೇಳನ ನೋಡಿದ್ದಳು. ಸರ್ಜನ್ ಆಗುತ್ತೇನೆಂದು ಮನೆಯಲ್ಲೂ ಹೇಳಿಯಾಗಿತ್ತು. ಸರ್ಜರಿ ಪೋಸ್ಟಿಂಗ್ (ಆ ವಿಭಾಗದ ವಾರ್ಡು, ಓಟಿಯಲ್ಲಿನ ತರಬೇತಿ) ಶುರುವಾದ ಎರಡೇ ವಾರಕ್ಕೆ ನನ್ನ ಬಳಿ ಬಂದು, "ಸರ್ಜರಿ ನನಗಲ್ಲ ಮೇಡಂ" ಎಂದಳು.

ರಕ್ತ ನೋಡಿ ತಲೆ ಸುತ್ತಿರಬೇಕು ಅಂದುಕೊಂಡೆ. ಅದಲ್ಲ. "ವಿಡಿಯೋದಲ್ಲಿ ಪಿತ್ತಕೋಶದ ನಾಳ, ಸಿಸ್ಟಿಕ್ ಡಕ್ಟ್, ಕಣ್ಣೆದುರೇ ಇರ್ತಿತ್ತು. ಇಲ್ಲಿ ಹರ್ನಿಯಾ ಕೇಸಿಗೆ ಒಂದೂವರೆ ಗಂಟೆ ನಿಂತೆ. ಪಿಜಿ (ಸ್ನಾತಕೋತ್ತರ) ಡಾಕ್ಟರುಗಳ ಬೆನ್ನು ಬಿಟ್ಟು ಏನೂ ಕಾಣಲಿಲ್ಲ."

ಪಿತ್ತಕೋಶದ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದಲ್ಲಿ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ನಾಳಕ್ಕೆ ಕ್ಲಿಪ್ ಹಾಕುವ ಮುಂಚೆ ಏನು ಖಚಿತ ಮಾಡಿಕೊಳ್ಳಬೇಕು ಎಂದು ಕೇಳಿದೆ. ತಡವರಿಸದೆ ಹೇಳಿದಳು: ಪಿತ್ತಕೋಶದ ಬುಡದ ತ್ರಿಕೋನದಂಥ ಜಾಗದೊಳಗಿನ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬಿಟ್ಟಿರಬೇಕು, ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು ರಚನೆ ಎಂದು ಕಾಣಬೇಕು. ತಪ್ಪಿದರೆ ಮುಖ್ಯ ಪಿತ್ತನಾಳವೇ ತುಂಡಾಗಬಹುದು ಎಂಬುದೂ ಗೊತ್ತಿತ್ತು.

"ಸರಿ. ಆ ಹರ್ನಿಯಾ ಅಜ್ಜನಿಗೆ ರಾತ್ರಿ ಮೂತ್ರ ಹೋಯ್ತಾ?"

ಸುಮ್ಮನಾದಳು. ಆಮೇಲೆ, "ಅವರು ಯಾವ ಬೆಡ್ಡಲ್ಲಿದ್ದಾರೆ ಅಂತಾನೂ ಗೊತ್ತಿಲ್ಲ ಮೇಡಂ."

ಅವಳನ್ನು ಸಿಕ್ಕಿಸಲು ಕೇಳಿದ್ದಲ್ಲ. ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟು ಹರ್ನಿಯಾ ಮಾಡಿದ ಮೇಲೆ, ಅದರಲ್ಲೂ ಪ್ರಾಸ್ಟೇಟ್ ದಪ್ಪಗಾದ ವಯಸ್ಸಾದವರಲ್ಲಿ, ಮೂತ್ರ ಕಟ್ಟಿಕೊಳ್ಳುವುದುಂಟು. ರಾತ್ರಿ ಡ್ಯೂಟಿಯವರು ಹೊಟ್ಟೆ ಮುಟ್ಟಿ ನೋಡಿ, ಬೇಕಾದರೆ ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಬೇಕು. ಸರ್ಜನ್‌ನ ಬದುಕಿನ ದೊಡ್ಡ ಪಾಲು ಇದೇ. ಕತ್ತರಿಸಿ ಜೋಡಿಸಿದ ಎಂಟು ನಿಮಿಷದ ವಿಡಿಯೋದಲ್ಲಿ ಇದು ಬರುವುದಿಲ್ಲ.

ನಾನು ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚುತ್ತೇನೆ ಎಂಬ ದೂರಿದೆ. ಒಪ್ಪುವುದಿಲ್ಲ. ರೈಲು ಖರ್ಚು, ರೂಮು ಬಾಡಿಗೆ, ರಜೆ ಯಾವುದೂ ಇಲ್ಲದೆ ದೊಡ್ಡ ಸರ್ಜನ್ನರ ಮಾತು ಕೇಳಲು ಇಂಥ ಹುಡುಗಿಗೆ ಬೇರೆ ದಾರಿ ಇಲ್ಲ. ಅಲ್ಲಿ ಹುಟ್ಟಿದ ಆಸೆ ನಿಜವಾದದ್ದೇ. ಆದರೆ ಅದು ಹುಟ್ಟಿದ್ದು ಚೆನ್ನಾಗಿ ಕಂಡಿದ್ದರಿಂದ, ಬತ್ತಿದ್ದು ಕಾಣದೆ ಹೋದದ್ದರಿಂದ. ಸರ್ಜನ್ ಆಗಲು ಓದುವ ಮೂರು ವರ್ಷದ ಎಂಎಸ್ ಬೇಕೋ ಬೇಡವೋ ಎಂಬುದನ್ನು ಎರಡರ ಮೇಲೂ ತೀರ್ಮಾನಿಸಬಾರದು. ಪಿಜಿ ಸೀಟು ಸಿಗುವುದು ನೀಟ್ ಪಿಜಿ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ, ಸಮ್ಮೇಳನಗಳ ಹನ್ನೊಂದು ಪ್ರಮಾಣಪತ್ರದಿಂದ ಒಂದು ಅಂಕವೂ ಕೂಡುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

ತೀರ್ಮಾನ ಮುಂದಕ್ಕೆ ಹಾಕಿ, ಪೋಸ್ಟಿಂಗ್ ಮುಗಿಯುವುದರೊಳಗೆ ಮೂವರು ರೋಗಿಗಳನ್ನು ದಾಖಲಾದ ದಿನದಿಂದ ಹೊಲಿಗೆ ಬಿಚ್ಚುವ ತನಕ ಹಿಂಬಾಲಿಸು ಎಂದೆ. ಹಿಂದಿನ ಸಂಜೆಯೇ ಓಟಿ ಲಿಸ್ಟ್ ನೋಡಿ ರೋಗಿಯನ್ನು ಮಾತಾಡಿಸಬೇಕು. ಹರ್ನಿಯಾ ಯಾವ ಕಡೆ ಎಂದು ಕೆಮ್ಮಿಸಿ ನೋಡಬೇಕು. ಬೆಳಿಗ್ಗೆ ತಿಂಡಿ ತಿಂದೇ ಹೋಗಬೇಕು. ಹಸಿದ ಹೊಟ್ಟೆಯಲ್ಲಿ, ಮೊಣಕಾಲು ಬಿಗಿಹಿಡಿದು ನಿಂತವರೇ ಹೆಚ್ಚಾಗಿ ಬೀಳುವುದು. ಕಣ್ಣು ಮಂಜಾದರೆ ಟೇಬಲ್ ಹಿಡಿಯದೆ ಹಿಂದೆ ಸರಿದು ಗೋಡೆಗೊರಗಿ ನೆಲಕ್ಕೆ ಕೂರಬೇಕು. ಓಟಿ ಸಿಸ್ಟರ್‌ಗೆ ಹೆಸರು, ಗ್ಲೌಸ್ ಸೈಜು ಹೇಳಿ, "ಸ್ಕ್ರಬ್ ಆಗಬಹುದಾ ಸರ್?" (ಕೈ ತೊಳೆದು, ಗೌನು, ಗ್ಲೌಸ್ ತೊಟ್ಟು ಟೇಬಲ್ಲಿಗೆ ಬರಬಹುದಾ) ಎಂದು ಕೇಸ್ ಶುರುವಾಗುವ ಮೊದಲೇ ಕೇಳಬೇಕು. ಮಧ್ಯದಲ್ಲಿ ಕೇಳಿದರೆ ಯಾರೂ ಒಳಗೆ ಬಿಡುವುದಿಲ್ಲ. ಅನುಮತಿ ಸಿಕ್ಕಿದರೆ ಗಾಯವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಲ್ಲುವ ಜಾಗದಿಂದ ಗಾಯ ಕಾಣುತ್ತದೆ. ಕೋಣೆಯಲ್ಲಿ ದಿನಕ್ಕೆ ಹತ್ತು ನಿಮಿಷ ಮಂಚದ ಸರಳಿಗೆ ಗಂಟು ಹಾಕುವ ಅಭ್ಯಾಸ, ಒದ್ದೆ ಗ್ಲೌಸ್ ತೊಟ್ಟು.

ಸಮ್ಮೇಳನ ಬಿಡು ಎನ್ನಲಿಲ್ಲ. ತಿಂಗಳಿಗೊಂದು ಸಾಕು, ಪ್ರಶ್ನೆ ಕೇಳುವಾಗ, "ಈ ಆಪರೇಷನ್‌ನಲ್ಲಿ ನಿಮಗೆ ಎಡವಟ್ಟಾದದ್ದು ಎಲ್ಲಿ, ಲ್ಯಾಪರೋಸ್ಕೋಪಿ ಬಿಟ್ಟು ಹೊಟ್ಟೆ ಕೊಯ್ದು ಮಾಡುವ ಓಪನ್‌ಗೆ ಯಾವಾಗ ಬದಲಾಯಿಸಿದಿರಿ?" ಎಂದು ಕೇಳು ಎಂದೆ.

ಐದು ವಾರದ ಮೇಲೆ ಒಂದು ನೋಟ್‌ಬುಕ್ ಹಿಡಿದು ಬಂದಳು. ಮೊದಲ ಪುಟದಲ್ಲಿ ಎಡಗಡೆ ಹರ್ನಿಯಾ, ಮೆಶ್ (ಹರ್ನಿಯಾ ಜಾಗಕ್ಕೆ ಆಧಾರದ ಬಲೆ) ಹಾಕಿದ್ದು, ಹೊಲಿಗೆ ಬಿಚ್ಚಿದ ದಿನ. ನಡುವೆ ಕೆಂಪು ಶಾಯಿಯಲ್ಲಿ: "ರಾತ್ರಿ 9.40, ಮೂತ್ರ ಹೋಯಿತು. ಕ್ಯಾತಿಟರ್ ಬೇಕಾಗಲಿಲ್ಲ."