ಚಿತ್ರದುರ್ಗದಲ್ಲಿ ನಲ್ಲಿ ನೀರು ಕುಡಿಯಬಹುದಾ? ಆರ್‌ಒ ಬೇಕಾ, ಸಾಫ್ಟ್‌ನರ್ ಬೇಕಾ?

ಮುಂದಿನ ತಿಂಗಳು ದುರ್ಗಕ್ಕೆ ವರ್ಗ ಆಗಿದೆ, ಅಲ್ಲಿನ ನೀರು ತುಂಬಾ ಗಡಸಂತೆ, ಕೂದಲು ಉದುರುತ್ತದಂತೆ, ಹೋಗುವ ಮೊದಲೇ ಆರ್‌ಒ (ಕರಗಿದ ಲವಣವನ್ನೂ ಸೋಸುವ ಯಂತ್ರ) ತೆಗೆದುಕೊಳ್ಳಲಾ ಅಥವಾ ಸಾಫ್ಟ್‌ನರ್ (ನೀರಿನ ಗಡಸು ತೆಗೆಯುವ ಯಂತ್ರ) ಹಾಕಿಸಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮನೆ ನೋಡಲು ಹೋದಾಗ ಮಾಲೀಕರನ್ನು ಒಂದೇ ಒಂದು ಮಾತು ಕೇಳಿ: "ಅಡುಗೆಮನೆಗೆ ಬರೋದು ನಲ್ಲಿ ನೀರಾ, ಬೋರ್ ನೀರಾ?" ಇಲ್ಲಿ ನಲ್ಲಿ ನೀರು ಅಂದರೆ ನಗರಸಭೆ ಬಿಡುವ ನೀರು. ಸಿಂಕಿನ ನಲ್ಲಿಯಲ್ಲಿ ಬರುವುದೆಲ್ಲ ನಲ್ಲಿ ನೀರಲ್ಲ. ಹೊಸಬರು ಎಡವುವುದೇ ಇಲ್ಲಿ, ನಾನೂ ಎಡವಿದ್ದೆ.

ನಾನು ಸಾಗರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಹದಿನೇಳು ವರ್ಷ ಆಯಿತು. ತವರಿನಲ್ಲಿ ಬಾವಿ ನೀರು. ಸೋಪು ಹಚ್ಚಿದರೆ ಎರಡು ಚೊಂಬು ಜಾಸ್ತಿ ಸುರಿದುಕೊಂಡರೂ ಮೈ ಜಾರುತ್ತಲೇ ಇರುತ್ತಿತ್ತು. ಇಲ್ಲಿಗೆ ಬಂದ ಮೊದಲ ವಾರ ತೊಗರಿಬೇಳೆ ಬೇಯಲಿಲ್ಲ. ಕುಕ್ಕರ್ ಏಳು ಸಲ ಕೂಗಿದರೂ ಬೇಳೆ ಕಾಳು ಕಾಳಾಗಿಯೇ ಕೂತಿತ್ತು. ಅಂಗಡಿಯವನು ಹಳೇ ಬೇಳೆ ಕೊಟ್ಟಿದ್ದಾನೆ ಅಂದುಕೊಂಡೆ. ಅತ್ತೆ ಬಂದು ನೋಡಿ, "ಬೋರ್ ನೀರಿಗೆ ಇಟ್ಟಿಯೇನವ್ವಾ? ಅಡುಗಿಗೆ ಆ ಹಂಡೇದು ತಗೋಬೇಕು" ಅಂದರು. ಮೂಲೆಯಲ್ಲಿ ಮುಚ್ಚಳ ಹಾಕಿಟ್ಟಿದ್ದ ಹಂಡೆ ಪೂಜೆಗೋ ಏನೋ ಇರಬೇಕು ಅಂತ ನಾನು ಮುಟ್ಟಿಯೇ ಇರಲಿಲ್ಲ.

ಬೋರ್ ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಅಂಶದ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ, ಹಾಗಾಗಿ ಬೇಳೆ ಕರಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅತ್ತೆಗೆ ಪೆಕ್ಟಿನ್ ಗೊತ್ತಿರಲಿಲ್ಲ, ಹಂಡೆ ಗೊತ್ತಿತ್ತು.

ನಗರಸಭೆ ನೀರು ಬರುವುದು ಎರಡು ಕಡೆಯಿಂದ. ಒಂದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಇನ್ನೊಂದು ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ. ಎರಡೂ ಮಳೆ ನೀರು ನಿಂತ ಜಾಗಗಳು. ಅದಕ್ಕೇ ಈ ನೀರು ಬೋರಿನಷ್ಟು ಗಡಸಿಲ್ಲ. ಬೋರ್ ನೀರಿನ ಕಥೆ ಬೇರೆ. ಇಲ್ಲಿ ಮಳೆ ಕಡಿಮೆ, ಬೋರು ಆಳ. ನೀರು ವರ್ಷಗಟ್ಟಲೆ ಬಂಡೆಯ ಬಿರುಕುಗಳಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೆಲವು ಕಡೆ ಫ್ಲೋರೈಡನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕೋಟೆಯ ಕೆಳಗಿನ ಊರಲ್ಲಿ ಸಿಹಿನೀರು ಹೊಂಡ ಅಂತಲೇ ಒಂದು ಹೊಂಡ ಇದೆ. ಸಿಹಿ ನೀರಿಗೆ ಹೆಸರಿಟ್ಟು ಗುರುತಿಸಬೇಕಾದ ಊರು ಅಂದಮೇಲೆ ಉಳಿದ ನೀರು ಹೇಗಿತ್ತೋ ನೀವೇ ಊಹಿಸಿ.

ಕಷ್ಟ ಏನೆಂದರೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪು ತುಂಬಿಸಿಕೊಳ್ಳಬೇಕು. ಸಾಲದ್ದಕ್ಕೆ ಬೋರ್ ನೀರನ್ನೂ ಅದೇ ಸಂಪಿಗೆ ಬಿಡುತ್ತಾರೆ. ಎರಡೂ ಬೆರೆತು ಸಿಂಟೆಕ್ಸ್‌ಗೆ ಏರುತ್ತವೆ. ಹಾಗಾಗಿ ಇವತ್ತು ಸೋಪು ನೊರೆ ಬಂದಿದ್ದು ನಾಳೆ ಬರುವುದಿಲ್ಲ. ಬೇಸಿಗೆಯಲ್ಲಿ ಬೋರಿನ ಪಾಲು ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. 1933 ಆದಮೇಲೆ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿತ್ತು. ನಡುವಿನ ವರ್ಷಗಳಲ್ಲಿ ಈ ಜಿಲ್ಲೆ ಬೋರನ್ನು ಎಷ್ಟು ನಂಬಿತ್ತು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ನಿಮ್ಮ ಮನೆಗೆ ಯಾವ ನೀರು ಬರುತ್ತದೆ ಎಂದು ತಿಳಿಯುವುದು ಸುಲಭ. ಒಂದು ಬಾಟಲಿ ಕ್ಯಾನ್ ನೀರು, ಒಂದು ಬಾಟಲಿ ಮನೆ ನೀರು, ಎರಡಕ್ಕೂ ಒಂದೇ ಅಳತೆ ಬಟ್ಟೆ ಸೋಪಿನ ತುರಿ ಹಾಕಿ ಕುಲುಕಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಒಂದು ನೊರೆಯಾಗಿ, ಇನ್ನೊಂದು ಮೊಸರೊಡೆದ ಹಾಗೆ ಬಿಳಿ ಚೂರು ಬಿಟ್ಟರೆ ಉತ್ತರ ಸಿಕ್ಕಿತು. ಸರಿಯಾದ ಅಂಕಿ ಬೇಕಾದರೆ ಕುಡಿಯುವ ನೀರಿನ ಸರಕಾರಿ ಪ್ರಯೋಗಾಲಯಕ್ಕೆ ಕೊಡಿ, ಖರ್ಚು ಕಡಿಮೆ. ವರದಿ ಬಂದಾಗ ಈ ಮಿತಿಗಳ ಜೊತೆ ಹೋಲಿಸಿ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೂ ಪರವಾಗಿಲ್ಲ. ಟಿಡಿಎಸ್‌ಗೆ, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣಕ್ಕೆ, ಇದೇ ಲೆಕ್ಕ 500 ಮತ್ತು 2000. ಫ್ಲೋರೈಡ್‌ಗೆ 1 ಮತ್ತು 1.5. ನೈಟ್ರೇಟ್ 45 ದಾಟಲೇಬಾರದು. ನಮ್ಮ ಬೋರಿನದು ಗಡಸುತನದಲ್ಲಿ 600 ದಾಟಿತ್ತು, ಅದಕ್ಕೆ ನಾನು ಅಷ್ಟೇನೂ ಹೆದರಲಿಲ್ಲ. ಫ್ಲೋರೈಡ್ ಕೂಡ 1.5ರ ಮೇಲೆ ಇತ್ತು. ಅದಕ್ಕೆ ಹೆದರಿದೆ. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು, ಹಳ್ಳಿ ಕಡೆ ಮೂಳೆ ನೋವು ಅಂತ ಕುಗ್ಗಿ ನಡೆಯುವವರು, ಇದರ ಹಿಂದೆ ಇರುವುದು ಫ್ಲೋರೈಡ್. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.

ಈಗ ಯಂತ್ರಗಳ ವಿಷಯ. ನಮ್ಮ ಮನೆಗೂ ಒಬ್ಬ ಮಾರಾಟಗಾರ ಬಂದಿದ್ದ. ಎರಡು ಲೋಟ ಇಟ್ಟ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನ ಆರ್‌ಒ ನೀರು. ಎರಡಕ್ಕೂ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನೋಡನೋಡುತ್ತಾ ನಮ್ಮ ನೀರು ಕಂದು ಕೆಸರಾಯಿತು. "ಇಷ್ಟು ದಿನ ಇದನ್ನೇ ಕುಡೀತಿದ್ದೀರಿ ಮೇಡಂ" ಅಂದ. ನಾನು ಅಂದೇ ಮುಂಗಡ ಕೊಟ್ಟುಬಿಟ್ಟೆ. ಆಮೇಲೆ ವಿಜ್ಞಾನದ ಮೇಷ್ಟ್ರಾಗಿದ್ದ ಪಕ್ಕದ ಮನೆಯವರು ನಕ್ಕು ಹೇಳಿದರು, ಆ ಕೆಸರು ನೀರಿನದಲ್ಲ, ಅವನ ಕಬ್ಬಿಣದ ಕಡ್ಡಿ ಕರಗಿದ್ದು ಅಂತ. ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ. ನಿಮ್ಮ ಮನೆಗೂ ಬಂದರೆ ಅವನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿಸಿ ನೋಡಿ. ಮುಂಗಡ ವಾಪಸ್ ಬರಲಿಲ್ಲ ಬಿಡಿ.

ಸಾಫ್ಟ್‌ನರ್ ಕುಡಿಯುವ ನೀರಿಗಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಆಗಾಗ ಉಪ್ಪು ಹಾಕಬೇಕಾಗುವುದು ಅದಕ್ಕೇ. ಟಿಡಿಎಸ್ ಇಳಿಯುವುದಿಲ್ಲ, ಫ್ಲೋರೈಡ್ ಹೋಗುವುದಿಲ್ಲ. ಗೀಸರ್, ವಾಷಿಂಗ್ ಮಷಿನ್, ಸ್ನಾನದ ಮನೆ ಟೈಲ್ಸ್ ಉಳಿಯುತ್ತವೆ. ಬಾಡಿಗೆ ಮನೆಗೆ ಅಷ್ಟು ದುಡ್ಡು ಸುರಿಯಬೇಡಿ. ಗೀಸರ್ ತಾಪ ಕಡಿಮೆ ಇಡಿ, ವರ್ಷಕ್ಕೊಮ್ಮೆ ಕಾಯಿಲ್ ತೆಗೆಸಿ ಸುಣ್ಣ ಉಜ್ಜಿಸಿ. ನಲ್ಲಿ ಮೇಲಿನ ಬಿಳಿ ಕರೆಗೆ ಹುಣಸೆಹಣ್ಣು ಸಾಕು.

ಆರ್‌ಒ ಬೇಕಾಗುವುದು ಬೋರ್ ನೀರನ್ನೇ ಕುಡಿಯಬೇಕಾದಾಗ. ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಟಿಡಿಎಸ್ 500ರೊಳಗೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಎಂದು 2019ರಲ್ಲಿ ಹಸಿರು ನ್ಯಾಯಮಂಡಳಿ ಸರಕಾರಕ್ಕೆ ಹೇಳಿತ್ತು. ನಮ್ಮ ನಲ್ಲಿ ನೀರು ಮೀಟರಿನಲ್ಲಿ 300 ದಾಟುವುದಿಲ್ಲ. ಅದಕ್ಕೆ ಆರ್‌ಒ ಯಾಕೆ ಹೇಳಿ?

ಹಾಗಂತ ನಲ್ಲಿ ನೀರನ್ನು ಹಾಗೇ ಕುಡಿಯಬೇಡಿ. ಎಲ್ಲರೂ ಗಡಸು, ಟಿಡಿಎಸ್ ಅನ್ನುತ್ತಾ ನಿಜವಾದ ಅಪಾಯ ಮರೆಯುತ್ತಾರೆ. 2023ರ ಆಗಸ್ಟ್‌ನಲ್ಲಿ ಇದೇ ಊರಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಎಷ್ಟೋ ಮಂದಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಟಿಡಿಎಸ್ ಮೀಟರಿಗೆ ಕ್ರಿಮಿ ಕಾಣುವುದಿಲ್ಲ. ನೀರು ದಿನಾ ಬಾರದ ಊರಿನಲ್ಲಿ ಪೈಪು ಖಾಲಿ ಇದ್ದಾಗ ಎಲ್ಲಿ ಬಿರುಕಿದೆಯೋ ಅಲ್ಲಿಂದ ಕೊಳೆ ಒಳಗೆ ಸೇರಬಹುದು. ಅದಕ್ಕೇ ನೀರು ಬಿಟ್ಟ ಮೊದಲ ಹತ್ತು ನಿಮಿಷದ್ದು ನಾವು ಗಿಡಕ್ಕೆ ಹಾಕುತ್ತೇವೆ, ಆಮೇಲೆ ಸಂಪಿಗೆ. ಸ್ವಲ್ಪ ಕ್ಲೋರಿನ್ ವಾಸನೆ ಇದ್ದರೆ ಬೇಜಾರಾಗಬೇಡಿ, ಅದು ಒಳ್ಳೆಯದೇ. ಕುಡಿಯುವುದನ್ನು ಸೋಸಿ, ಚೆನ್ನಾಗಿ ಕುದಿ ಬರಿಸಿ ಆರಿಸಿಕೊಳ್ಳುತ್ತೇವೆ. ಯುವಿ (ಕ್ರಿಮಿ ಕೊಲ್ಲುವ ಬೆಳಕು) ಇರುವ ಸಾದಾ ಫಿಲ್ಟರ್ ಆದರೂ ನಡೆಯುತ್ತದೆ. ಸಂಪು ಮೂರು ತಿಂಗಳಿಗೊಮ್ಮೆ ತೊಳೆಸಿ.

ಕೂದಲಿಗೆ ಬಂದರೆ, ಬೋರ್ ನೀರಿನಲ್ಲಿ ಅದು ಒರಟಾಗುವುದು, ಸಿಕ್ಕಾಗುವುದು ನಿಜ. ಸೀಗೆಕಾಯಿ ಹಾಕಿದರೂ ಜಿಗುಟು ಬಿಡುವುದಿಲ್ಲ. ನಾನು ಕೊನೆಗೆ ಎರಡು ಚೊಂಬು ನಲ್ಲಿ ನೀರು ಸುರಿದುಕೊಳ್ಳುತ್ತೇನೆ. ಉದುರುವುದಕ್ಕೆ ಮಾತ್ರ ನೀರನ್ನೇ ದೂರಬೇಡಿ, ಸಾಗರದಲ್ಲಿರುವ ನನ್ನ ತಂಗಿಗೂ ಉದುರುತ್ತಿದೆ.

ಮನೆ ಹುಡುಕುವಾಗ ಸಂಪು ಒಂದೇ ಇದೆಯೋ ಎರಡಿವೆಯೋ ನೋಡಿ. ನಲ್ಲಿ ನೀರಿಗೇ ಬೇರೆ ಸಂಪು, ಅಡುಗೆಮನೆಗೆ ಅದರದೇ ಪೈಪು ಇರುವ ಮನೆ ಸಿಕ್ಕರೆ ಬಾಡಿಗೆ ಐನೂರು ಜಾಸ್ತಿ ಆದರೂ ಹಿಡಿಯಿರಿ. ಸಿಗದಿದ್ದರೆ ಬರುವಾಗ ಮುಚ್ಚಳ ಇರುವ ದೊಡ್ಡ ಹಂಡೆ ಒಂದು ತನ್ನಿ.